ಹಣೆಯಿಂದ ಮೂಗಿಗೆ, ಮೂಗಿನಿಂದ ಹಣೆಗೆ

ಪುಣೆಯಲ್ಲಿ ಮುಳಾ ಮತ್ತು ಮುಠಾ ನದಿಗಳು ಕೂಡುವ ಜಾಗಕ್ಕೆ ಸಂಗಮ ಎಂದೇ ಹೆಸರು. ಪೇಶ್ವೆಗಳ ಕಾಲದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟನ ಬಂಗಲೆ ಅಲ್ಲಿತ್ತು. 1817ರ ನವೆಂಬರಿನಲ್ಲಿ, ಖಡಕಿ ಯುದ್ಧದ ಹೊತ್ತಿಗೆ, ಅದು ಬೆಂಕಿಗೆ ಆಹುತಿಯಾಯಿತು. ಈಗ ಸಂಗಮದ ಹತ್ತಿರ ಎಂಜಿನಿಯರಿಂಗ್ ಕಾಲೇಜಿದೆ, ಸೇತುವೆಯ ಮೇಲೆ ಬಸ್ಸು ರಿಕ್ಷಾಗಳ ಸಾಲಿದೆ. ಅಲ್ಲಿಂದ ಸ್ವಲ್ಪ ದೂರಕ್ಕೆ, ರೈಲ್ವೆ ಸ್ಟೇಷನ್ನಿನ ಬಳಿ, 1867ರಲ್ಲಿ ಆರಂಭವಾದ ಸಸೂನ್ ಆಸ್ಪತ್ರೆ. ಅದಕ್ಕೆ ಹೊಂದಿಕೊಂಡು ಬಿ.ಜೆ. ಮೆಡಿಕಲ್ ಕಾಲೇಜು.

ಇಂಥ ದೊಡ್ಡ ಊರಿನ ಕಿವಿ-ಮೂಗು-ಗಂಟಲು ವಿಭಾಗಗಳಿಗೆ ಬರುವವರಲ್ಲಿ ಒಂದು ಬಗೆಯ ರೋಗಿಗಳು ಹೇಳುವ ಮಾತು ಹೆಚ್ಚುಕಡಿಮೆ ಒಂದೇ. ಬೆಳಿಗ್ಗೆ ಎದ್ದ ಸ್ವಲ್ಪ ಹೊತ್ತಿಗೆ ಹುಬ್ಬಿನ ಮೇಲೆ ನೋವು ಶುರುವಾಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಏರುತ್ತದೆ, ಸಂಜೆಯಾಗುತ್ತಾ ಇಳಿಯುತ್ತದೆ. ವೈದ್ಯಕೀಯದ ಪಠ್ಯಪುಸ್ತಕಗಳಲ್ಲಿ ಇದಕ್ಕೆ ‘ಆಫೀಸ್ ತಲೆನೋವು’ ಎಂಬ ಅಡ್ಡಹೆಸರೂ ಇದೆ, ಕೆಲಸದ ಹೊತ್ತಿನಲ್ಲಷ್ಟೇ ಕಾಡುತ್ತದೆಂದು. ನಮ್ಮ ಹಳೆಯ ವೈದ್ಯಗ್ರಂಥಗಳು ಸೂರ್ಯನ ಜೊತೆ ಏರಿ ಸೂರ್ಯನ ಜೊತೆ ಇಳಿಯುವ ತಲೆನೋವನ್ನು ‘ಸೂರ್ಯಾವರ್ತ’ ಎಂದು ಕರೆದವು. ಇಂಥ ತಲೆನೋವುಗಳೆಲ್ಲ ಸೈನಸ್ಸಿನವೇ ಎಂದಲ್ಲ; ಅರೆತಲೆನೋವು ಕೂಡ ಇದೇ ವೇಷ ಹಾಕಿಕೊಂಡು ಬರುತ್ತದೆ. ಆದರೆ ಕೆಲವರಲ್ಲಿ ಕಾರಣ ನಿಜಕ್ಕೂ ಹಣೆಯ ಮೂಳೆಯೊಳಗಿನ ಟೊಳ್ಳು. ಅದರೊಳಗೆ ತಿಂಗಳುಗಟ್ಟಲೆ ಲೋಳೆ, ಕೀವು ನಿಂತಿರುತ್ತದೆ. ಔಷಧಿಗೆ ಬಗ್ಗದಿದ್ದಾಗ ವೈದ್ಯರು ಶಸ್ತ್ರಚಿಕಿತ್ಸೆಯ ಮಾತೆತ್ತುತ್ತಾರೆ. ಆಗ ರೋಗಿ ಕೇಳುವ ಮೊದಲ ಪ್ರಶ್ನೆ: ‘ವಾಸಿಯಾಗುತ್ತದೆಯೇ?’

ಈ ಪ್ರಶ್ನೆಗೆ ಒಂದು ಚರಿತ್ರೆ ಇದೆ. ಅದರ ಒಂದು ತುದಿ ಪುಣೆಯಲ್ಲೇ ಇದೆ, ಅದರ ಹಿಂದೆ ನಮ್ಮ ಶ್ರೀರಂಗಪಟ್ಟಣವೂ ಇದೆ.

*

1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜಿನ್’ ಒಂದು ಪತ್ರವನ್ನು ಅಚ್ಚು ಹಾಕಿತು. ಬರೆದವರು ‘ಬಿ.ಎಲ್.’ ಎಂದಷ್ಟೇ ಸಹಿ ಮಾಡಿದ್ದರು. ಪತ್ರದ ಜೊತೆಗೆ ಒಂದು ಚಿತ್ರ: ಮುಂಡಾಸು ಸುತ್ತಿದ ಭಾರತೀಯನೊಬ್ಬನ ಮುಖ, ಹಣೆಯ ಮೇಲೆ ಗಾಯದ ಗುರುತು, ಅದರ ಕೆಳಗೆ ಹೊಸದಾಗಿ ಕೂಡಿಸಿದ ಮೂಗು. ಪಕ್ಕದಲ್ಲಿ ಶಸ್ತ್ರಚಿಕಿತ್ಸೆಯ ಹಂತಗಳನ್ನು ತೋರಿಸುವ ರೇಖಾಚಿತ್ರಗಳು.

ಆ ಮನುಷ್ಯನ ಹೆಸರು ಕವಾಸ್‌ಜಿ ಎಂದಿದೆ. ಹೆಸರು ಪಾರ್ಸಿಗಳದ್ದರಂತೆ ಕೇಳಿಸಿದರೂ ಪತ್ರ ಅವನನ್ನು ಬೇಸಾಯಗಾರ ಜಾತಿಯ ಮರಾಠಾ ಎನ್ನುತ್ತದೆ. ಮೂರನೆಯ ಮೈಸೂರು ಯುದ್ಧದಲ್ಲಿ ಅವನು ಇಂಗ್ಲಿಷರ ಸೇನೆಯ ಎತ್ತು ಹೊಡೆಯುವವನಾಗಿದ್ದ. 1792ರಲ್ಲಿ ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕಿಬಿದ್ದ. ಅವರು ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಬಿಟ್ಟರು. ಆ ಸ್ಥಿತಿಯಲ್ಲೇ ಅವನು ಶ್ರೀರಂಗಪಟ್ಟಣದ ಬಳಿ ಬೀಡುಬಿಟ್ಟಿದ್ದ ಬೊಂಬಾಯಿ ಸೇನೆಯನ್ನು ಸೇರಿಕೊಂಡ.

ಯುದ್ಧದಲ್ಲಿ ಎತ್ತಿನವನ ಮೇಲೆ ಇಷ್ಟು ಸಿಟ್ಟೇಕೆ? ಹಿಂದಿನ ವರ್ಷ, 1791ರ ಮೇ ತಿಂಗಳಿನಲ್ಲಿ, ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲಿನವರೆಗೆ ಬಂದವನು ಎತ್ತುಗಳು ಸತ್ತು, ದವಸ ಮುಗಿದು, ತನ್ನ ಭಾರಿ ತೋಪುಗಳನ್ನು ತಾನೇ ಹಾಳುಗೆಡವಿ ಹಿಂದಿರುಗಬೇಕಾಗಿತ್ತು. ಎತ್ತುಗಳ ಸಾಲೇ ಸೇನೆಯ ಜೀವನಾಡಿ. ಆ ಸಾಲಿಗೆ ಭಯ ಹುಟ್ಟಿಸಿದರೆ ಸೇನೆ ತಾನಾಗಿ ನಿಲ್ಲುತ್ತದೆ. ಮೂಗು ಕೊಯ್ಯುವ ಶಿಕ್ಷೆ ಟಿಪ್ಪುವಿನ ಕಾಲದಲ್ಲಿ ಹುಟ್ಟಿದ್ದೂ ಅಲ್ಲ. ಹದಿನೇಳನೆಯ ಶತಮಾನದಲ್ಲಿ ಮೈಸೂರಿಗೂ ಮಧುರೆಗೂ ನಡೆದ ಯುದ್ಧವನ್ನು ತಮಿಳರು ‘ಮೂಗು ಕೊಯ್ದ ಯುದ್ಧ’ ಎಂದೇ ನೆನಪಿಟ್ಟುಕೊಂಡಿದ್ದಾರೆ. ಟಿಪ್ಪುವಿನ ಕ್ರೌರ್ಯದ ಕತೆಗಳಿಗೆ ಆಗಿನ ಲಂಡನ್ನಿನಲ್ಲಿ ಒಳ್ಳೆಯ ಗಿರಾಕಿ ಇತ್ತೆಂಬುದನ್ನೂ ಮರೆಯುವಂತಿಲ್ಲ. ಈ ಎರಡನ್ನೂ ಒಪ್ಪಿಕೊಂಡ ಮೇಲೂ ಮೂಗಿಲ್ಲದ ಒಬ್ಬ ಮನುಷ್ಯ ಉಳಿಯುತ್ತಾನೆ.

ಒಂದು ವರ್ಷಕ್ಕೂ ಮಿಕ್ಕಿ ಅವನು ಹಾಗೇ ಇದ್ದ. ಆಮೇಲೆ ಪುಣೆಯ ಬಳಿ ಒಬ್ಬ ಅವನಿಗೆ ಹೊಸ ಮೂಗು ಮಾಡಿಕೊಟ್ಟ. ಪತ್ರ ಅವನನ್ನು ಇಟ್ಟಿಗೆ ಮಾಡುವ ಜಾತಿಯವನು ಎನ್ನುತ್ತದೆ, ಅಂದರೆ ನಮ್ಮ ಮಾತಿನಲ್ಲಿ ಕುಂಬಾರ. ಈ ಚಿಕಿತ್ಸೆಯನ್ನು ಬೊಂಬಾಯಿ ಪ್ರಾಂತದ ಇಬ್ಬರು ಇಂಗ್ಲಿಷ್ ವೈದ್ಯರು, ಥಾಮಸ್ ಕ್ರೂಸೋ ಮತ್ತು ಜೇಮ್ಸ್ ಫಿಂಡ್ಲೇ, ಕಣ್ಣಾರೆ ಕಂಡಿದ್ದರು. ಅವರು ಹೇಳುವ ಕ್ರಮ ಹೀಗಿದೆ.

ತೆಳ್ಳಗಿನ ಮೇಣದ ಹಾಳೆಯನ್ನು ಮೂಗಿನ ಮೊಂಡಿನ ಮೇಲಿಟ್ಟು ಮೂಗಿನ ಆಕಾರ ಕೊಡುತ್ತಾರೆ. ಆಮೇಲೆ ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆಯುತ್ತಾರೆ. ಅಷ್ಟು ಚರ್ಮವನ್ನು ಬಿಡಿಸುತ್ತಾರೆ, ಆದರೆ ಎರಡು ಹುಬ್ಬುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಕತ್ತರಿಸದೆ ಬಿಡುತ್ತಾರೆ. ರಕ್ತ ಹರಿಯುವುದು ಅದರೊಳಗಿಂದ. ಬಿಡಿಸಿದ ಚರ್ಮವನ್ನು ಅರ್ಧ ಸುತ್ತು ತಿರುಚಿ ಕೆಳಗಿಳಿಸಿ, ಮೊಂಡಿನ ಸುತ್ತ ಮಾಡಿದ ಗಾಯದೊಳಗೆ ಅದರ ಅಂಚನ್ನು ಕೂಡಿಸುತ್ತಾರೆ. ಮೇಲೆ, ನಾವು ವೀಳ್ಯದೆಲೆಗೆ ಹಾಕಿಕೊಳ್ಳುವ ಕಾಚನ್ನು ನೀರಿನಲ್ಲಿ ಮೆತ್ತಗೆ ಮಾಡಿ ಬಟ್ಟೆಯ ಪಟ್ಟಿಗಳಿಗೆ ಸವರಿ, ಐದಾರನ್ನು ಒಂದರ ಮೇಲೊಂದು ಅಂಟಿಸುತ್ತಾರೆ. ನಾಲ್ಕು ದಿನ ಅದನ್ನು ಮುಟ್ಟುವುದಿಲ್ಲ. ಆಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ರೋಗಿ ಐದಾರು ದಿನ ಅಂಗಾತ ಮಲಗಿರಬೇಕು. ಹತ್ತನೆಯ ದಿನ ಮೂಗಿನ ಹೊಳ್ಳೆಗಳೊಳಗೆ ಮೆತ್ತನೆಯ ಬಟ್ಟೆಯ ಚೂರುಗಳನ್ನಿಡುತ್ತಾರೆ, ದಾರಿ ಮುಚ್ಚಿಹೋಗದಿರಲೆಂದು. ಸುಮಾರು ಇಪ್ಪತ್ತೈದನೆಯ ದಿನ ಹುಬ್ಬಿನ ನಡುವಿನ ಪಟ್ಟಿಯನ್ನು ಕತ್ತರಿಸುತ್ತಾರೆ. ಮೂಗು ಈಗ ತನ್ನ ಕಾಲ ಮೇಲೆ ತಾನು ನಿಂತ ಹಾಗೆ.

ಹತ್ತನೆಯ ದಿನದ ಆ ಬಟ್ಟೆ ಚೂರು ನೆನಪಿನಲ್ಲಿರಲಿ. ಸುಶ್ರುತ ಸಂಹಿತೆಯಲ್ಲೂ ಹೊಸ ಮೂಗಿನೊಳಗೆ ಎರಡು ನಳಿಗೆಗಳನ್ನಿಡುವ ಮಾತಿದೆ. ಅಲ್ಲಿ ಚರ್ಮ ತೆಗೆಯುವುದು ಕೆನ್ನೆಯಿಂದ, ಅಳತೆಗೆ ಬಳಸುವುದು ಒಂದು ಎಲೆ. ಊರು, ಕಾಲ, ಚರ್ಮ ತೆಗೆಯುವ ಜಾಗ ಬದಲಾದರೂ ಒಂದು ತಿಳುವಳಿಕೆ ಬದಲಾಗಲಿಲ್ಲ. ದೇಹ ತನ್ನ ಗಾಯವನ್ನು ಮುಚ್ಚಿಕೊಳ್ಳಲು ನೋಡುತ್ತದೆ, ಹಾಗೆ ಮುಚ್ಚಿಕೊಳ್ಳುವಾಗ ನಮಗೆ ಬೇಕಾದ ದಾರಿಯನ್ನೂ ಮುಚ್ಚಿಬಿಡುತ್ತದೆ.

ಪತ್ರದ ಕೊನೆಯಲ್ಲಿ ಇನ್ನೆರಡು ಸಂಗತಿಗಳಿವೆ. ಈ ಚಿಕಿತ್ಸೆ ಸಾಮಾನ್ಯವಾಗಿ ಫಲಿಸುತ್ತದೆ, ಹಣೆಯ ಗಾಯದ ಗುರುತೂ ಕಾಲ ಕಳೆದಂತೆ ಅಷ್ಟಾಗಿ ಕಾಣುವುದಿಲ್ಲ ಎಂಬುದು ಒಂದು. ಚಿತ್ರವನ್ನು ಬರೆದದ್ದು 1794ರ ಜನವರಿಯಲ್ಲಿ, ಶಸ್ತ್ರಚಿಕಿತ್ಸೆಯಾದ ಹತ್ತು ತಿಂಗಳ ಮೇಲೆ, ಎಂಬುದು ಇನ್ನೊಂದು. ಬರೆದವನು ಆಗ ಪುಣೆಯಲ್ಲಿದ್ದ ಸ್ಕಾಟ್ಲೆಂಡಿನ ಕಲಾವಿದ ಜೇಮ್ಸ್ ವೇಲ್ಸ್. ರೆಸಿಡೆಂಟ್ ಚಾರ್ಲ್ಸ್ ಮ್ಯಾಲೆಟ್‌ನ ಆಶ್ರಯದಲ್ಲಿ ಪೇಶ್ವೆ ದರ್ಬಾರಿನ ಚಿತ್ರಗಳನ್ನು ಬರೆದವನು ಅವನೇ.

ಇಂದಿನ ವೈದ್ಯ ಪತ್ರಿಕೆಗಳ ಭಾಷೆಯಲ್ಲಿ ಹೇಳುವುದಾದರೆ, ಇದು ಒಬ್ಬ ರೋಗಿಯ ಫಲಿತಾಂಶದ ವರದಿ. ಏನು ಮಾಡಿದರು, ಯಾರು ನೋಡಿದರು, ಎಷ್ಟು ಕಾಲದ ಮೇಲೆ ನೋಡಿದರು, ಹೇಗಿತ್ತು ಎಂಬ ನಾಲ್ಕೂ ಇವೆ. ಒಂದು ವ್ಯತ್ಯಾಸವಿದೆ. ಇಂದಿನ ವರದಿಗಳಲ್ಲಿ ವೈದ್ಯರ ಹೆಸರಿರುತ್ತದೆ, ರೋಗಿಯ ಹೆಸರಿರುವುದಿಲ್ಲ. ಅಲ್ಲಿ ರೋಗಿಯ ಹೆಸರಿದೆ, ನೋಡುತ್ತ ನಿಂತವರ ಹೆಸರಿದೆ. ಚಿಕಿತ್ಸೆ ಮಾಡಿದ ಕುಂಬಾರನ ಹೆಸರಿಲ್ಲ.

ಆ ಪತ್ರ ವ್ಯರ್ಥವಾಗಲಿಲ್ಲ. ಲಂಡನ್ನಿನ ಜೋಸೆಫ್ ಕಾರ್ಪ್ಯೂ 1814ರಲ್ಲಿ ಇದೇ ಕ್ರಮದಲ್ಲಿ ಒಬ್ಬ ಸೇನಾಧಿಕಾರಿಗೆ ಮೂಗು ಮಾಡಿದ, ಮತ್ತೊಬ್ಬನಿಗೂ ಮಾಡಿ 1816ರಲ್ಲಿ ಪುಸ್ತಕ ಬರೆದ. ಅರಿವಳಿಕೆ ಬರಲು ಇನ್ನೂ ಮೂವತ್ತು ವರ್ಷ ಬಾಕಿಯಿದ್ದ ಕಾಲ ಅದು. ಹಣೆಯ ಚರ್ಮದಿಂದ ಮೂಗು ಕಟ್ಟುವ ಈ ವಿಧಾನವನ್ನು ಪ್ಲಾಸ್ಟಿಕ್ ಸರ್ಜನ್ನರು ಇಂದಿಗೂ ‘ಇಂಡಿಯನ್ ವಿಧಾನ’ ಎನ್ನುತ್ತಾರೆ.

*

ಪುಣೆಯ ಕುಂಬಾರ ಹಣೆಯ ಚರ್ಮವನ್ನಷ್ಟೇ ಬಿಡಿಸಿದ. ಅದರಡಿಯ ಮೂಳೆಯ ಸಹವಾಸ ಅವನಿಗೆ ಬೇಕಿರಲಿಲ್ಲ. ಆ ಮೂಳೆಯೊಳಗೆ, ಹುಬ್ಬುಗಳ ಮೇಲೆ, ಎಡಕ್ಕೊಂದು ಬಲಕ್ಕೊಂದು ಗಾಳಿ ತುಂಬಿದ ಟೊಳ್ಳುಗಳಿವೆ. ಅವೇ ಹಣೆಯ ಸೈನಸ್ಸುಗಳು. ಹುಟ್ಟಿದಾಗ ಇವು ಇರುವುದಿಲ್ಲ. ಮಗು ಶಾಲೆಗೆ ಹೋಗುವ ವಯಸ್ಸಿನಲ್ಲಿ ಎಕ್ಸ್‌ರೇಯಲ್ಲಿ ಕಾಣತೊಡಗಿ ಹದಿಹರೆಯ ಮುಗಿಯುವ ಹೊತ್ತಿಗೆ ಪೂರ್ತಿ ಬೆಳೆಯುತ್ತವೆ. ಎಡದ್ದು ಬಲದ್ದರಂತಿರುವುದಿಲ್ಲ, ಒಬ್ಬರದು ಇನ್ನೊಬ್ಬರದರಂತಿರುವುದಿಲ್ಲ. ಗುರುತು ಸಿಗದ ಶವದ ಪತ್ತೆಗೂ ಅವುಗಳ ಆಕಾರ ನೆರವಾಗುವುದುಂಟು. ಹಣೆಬರಹ ಎಂಬುದು ಇದ್ದರೆ ಅದು ಇದೇ ಇರಬೇಕು.

ಈ ಟೊಳ್ಳಿನಿಂದ ಹೊರಬರಲು ಇರುವುದು ಒಂದೇ ದಾರಿ. ಅದು ಕೆಳಮುಖವಾಗಿ ಮೂಗಿನೊಳಕ್ಕೆ ಇಳಿಯುತ್ತದೆ, ಮರಳು ಗಡಿಯಾರದ ನಡುವಿನ ಹಾಗೆ ಕಿರಿದಾಗಿರುತ್ತದೆ. ಅದರ ಒಂದು ಪಕ್ಕದಲ್ಲಿ ಕಾಗದದಷ್ಟು ತೆಳ್ಳಗಿನ ಮೂಳೆಯಾಚೆ ಕಣ್ಣು, ಹಿಂಬದಿಗೆ ಮಿದುಳು. ಶೀತ, ಅಲರ್ಜಿ, ಪಾಲಿಪ್, ಫಂಗಸ್, ಹಳೆಯ ಪೆಟ್ಟು, ಹಳೆಯ ಶಸ್ತ್ರಚಿಕಿತ್ಸೆಯ ಕಲೆ, ಯಾವುದರಿಂದ ಈ ದಾರಿ ಕಟ್ಟಿಕೊಂಡರೂ ಮೇಲಿನ ಕೋಣೆ ಕೊಳೆಯುತ್ತದೆ.

ಅರಿವಳಿಕೆ ಬಂದು, ಲಿಸ್ಟರನ ಕ್ರಿಮಿನಾಶಕ ಪದ್ಧತಿ ನೆಲೆಗೊಂಡ ಮೇಲೆ ಯುರೋಪಿನ ಶಸ್ತ್ರವೈದ್ಯರಿಗೆ ಧೈರ್ಯ ಬಂತು. ಕೀವು ಹಣೆಯಲ್ಲಿದ್ದರೆ ಹಣೆಯನ್ನೇ ತೆರೆದರಾಯಿತು ಎಂಬುದು ಅವರ ತರ್ಕ. 1884ರಲ್ಲಿ ಅಬರ್ಡೀನಿನ ಅಲೆಕ್ಸಾಂಡರ್ ಓಗ್‌ಸ್ಟನ್ ಹಣೆಯ ಮೂಳೆಗೆ ರಂಧ್ರ ಕೊರೆದು, ಒಳಗಿಂದ ಮೂಗಿಗೆ ಇಳಿಯುವ ದಾರಿಯನ್ನು ಹಿಗ್ಗಿಸಿದ. ಗಾಯದ ಕೀವಿನಲ್ಲಿ ಸ್ಟ್ಯಾಫಿಲೊಕಾಕಸ್ ಎಂಬ ರೋಗಾಣುವನ್ನು ಗುರುತಿಸಿ ಹೆಸರಿಟ್ಟವನೂ ಅವನೇ. ಪ್ಯಾರಿಸ್ಸಿನ ಲ್ಯೂಕ್ ಹೆಚ್ಚುಕಡಿಮೆ ಇದನ್ನೇ ಮಾಡಿದ. ರೋಗಿಗಳು ಚೇತರಿಸಿಕೊಂಡರು. ಸ್ವಲ್ಪ ಕಾಲಕ್ಕೆ ಹಿಗ್ಗಿಸಿದ ದಾರಿ ಕಲೆಗಟ್ಟಿ ಕುಗ್ಗಿತು, ಕೀವು ಮರಳಿತು.

ದಾರಿ ಉಳಿಯದಿದ್ದರೆ ಕೋಣೆಯನ್ನೇ ಇಲ್ಲವಾಗಿಸೋಣ ಎಂದರು ಮುಂದಿನವರು. 1898ರಲ್ಲಿ ಜರ್ಮನಿಯ ರೀಡೆಲ್ ಸೈನಸ್ಸಿನ ಮುಂಗೋಡೆಯನ್ನೂ ನೆಲವನ್ನೂ ತೆಗೆದು, ಹಣೆಯ ಚರ್ಮ ನೇರವಾಗಿ ಹಿಂಗೋಡೆಗೆ ಅಂಟಿಕೊಳ್ಳುವಂತೆ ಮಾಡಿದ. ರೋಗ ಹೋಯಿತು, ಹುಬ್ಬಿನ ಮೇಲೆ ಹಳ್ಳ ಉಳಿಯಿತು. ‘ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದೇ’ ಎಂದು ನಾವು ಗಾದೆ ಹೇಳುತ್ತೇವಲ್ಲ, ಇಲ್ಲಿ ಹಣೆಯನ್ನೇ ಕೊಯ್ದಿದ್ದರು. ಆ ವಿಕಾರವನ್ನು ತಪ್ಪಿಸಲು 1903ರ ಸುಮಾರಿಗೆ ಫ್ರೈಬುರ್ಗಿನ ಕಿಲಿಯನ್ ಹುಬ್ಬಿನ ಗುಂಟ ಒಂದು ಮೂಳೆಯ ಪಟ್ಟಿಯನ್ನು ಉಳಿಸಿಕೊಂಡ. 1921ರಲ್ಲಿ ಅಮೆರಿಕದ ಲಿಂಚ್, ಇಂಗ್ಲೆಂಡಿನ ಹೋವರ್ಥ್ ಹುಬ್ಬಿನ ಒಳತುದಿಯಲ್ಲಿ ಗಾಯ ಮಾಡಿ ಸೈನಸ್ಸಿನ ನೆಲವನ್ನು ತೆಗೆಯುವ ಕ್ರಮ ತಂದರು. ಮೊದಲ ವರ್ಷಗಳ ಫಲಿತಾಂಶ ಚೆನ್ನಾಗಿತ್ತು. ಆದರೆ ಮೂಳೆಯ ಆಸರೆ ಹೋದ ಮೇಲೆ ಕಣ್ಣುಗುಳಿಯ ಮೆತ್ತನೆಯ ಭಾಗ ಒಳಸರಿದು, ವರ್ಷಗಳು ಕಳೆದಂತೆ ದಾರಿಯನ್ನು ಮುಚ್ಚುತ್ತಿತ್ತು.

ಈ ನಡುವೆ ಬಾಸ್ಟನ್ನಿನ ಲೋಥ್ರಾಪ್ 1914ರಲ್ಲಿ ಬೇರೆಯೇ ಒಂದು ಉಪಾಯ ಹೇಳಿದ್ದ. ಎರಡೂ ಬದಿಯ ಸೈನಸ್ಸುಗಳ ನಡುವಿನ ಗೋಡೆ, ಅವುಗಳ ನೆಲ, ಮೂಗಿನ ನಡುಗೋಡೆಯ ಮೇಲ್ತುದಿ ಇಷ್ಟನ್ನೂ ತೆಗೆದು ಎರಡಕ್ಕೂ ಸೇರಿ ಒಂದೇ ದೊಡ್ಡ ಬಾಗಿಲು ಮಾಡುವುದು. ಕಣ್ಣುಗುಳಿಯ ಗೋಡೆಯನ್ನು ಮುಟ್ಟದೆ ಬಿಡುವುದರಿಂದ ಅದು ಕುಸಿಯುವ ಭಯವಿಲ್ಲ. ಆಲೋಚನೆ ಸರಿಯಾಗಿತ್ತು. ಆದರೆ ಮೂಗಿನೊಳಗಿನ ಆ ಕತ್ತಲಲ್ಲಿ, ಮಿದುಳಿನ ಅಂಚಿನಲ್ಲಿ, ಉಪಕರಣದ ತುದಿ ಎಲ್ಲಿದೆಯೆಂದು ಕಾಣದೆ ಕೆಲಸ ಮಾಡಬೇಕು. ಅದೇ ಊರಿನ ಮೋಶರ್ ಎಂಬ ಹೆಸರಾಂತ ವೈದ್ಯ, ಮೂಗಿನೊಳಗಿಂದ ಮೇಲಿನ ಸೈನಸ್ಸುಗಳಿಗೆ ಕೈಹಾಕುವುದು ರೋಗಿಯನ್ನು ಕೊಲ್ಲುವ ಸುಲಭದ ದಾರಿಗಳಲ್ಲೊಂದು ಎಂದು ಎಚ್ಚರಿಸಿದ. ಲೋಥ್ರಾಪನ ಕ್ರಮ ಮೂಲೆಗೆ ಬಿತ್ತು.

1950ರ ದಶಕದಿಂದ ಗುಡೇಲ್ ಮತ್ತು ಮಾಂಟ್‌ಗೊಮರಿ ಎಂಬವರು ಹೆಸರುವಾಸಿ ಮಾಡಿದ ಕ್ರಮ ಮುಂದಿನ ಕೆಲವು ದಶಕ ಆಳಿತು. ಹಣೆಯ ಎಕ್ಸ್‌ರೇ ತೆಗೆದು, ಅದರಲ್ಲಿ ಸೈನಸ್ಸಿನ ಆಕಾರವನ್ನು ಕತ್ತರಿಸಿ, ಆ ತುಂಡನ್ನು ಮೂಳೆಯ ಮೇಲಿಟ್ಟು ಸುತ್ತ ಗುರುತು ಮಾಡುತ್ತಿದ್ದರು. ಗುರುತಿನ ಗುಂಟ ಗರಗಸದಿಂದ ಕೊಯ್ದು, ಕೆಳ ಅಂಚನ್ನು ಬಿಡಿಸದೆ, ಪೆಟ್ಟಿಗೆಯ ಮುಚ್ಚಳದಂತೆ ಮೂಳೆಯನ್ನು ಮಗುಚುತ್ತಿದ್ದರು. ಒಳಪದರವನ್ನೆಲ್ಲ ಕೆರೆದು ತೆಗೆದು, ಹೊಟ್ಟೆಯಿಂದ ತಂದ ಕೊಬ್ಬನ್ನು ತುಂಬಿ, ಮುಚ್ಚಳ ಹಾಕುತ್ತಿದ್ದರು. ಮೇಣದ ಹಾಳೆಯನ್ನು ಹಣೆಯ ಮೇಲಿಟ್ಟು ಗೆರೆ ಎಳೆದ, ಜೀವವಿರಲಿ ಎಂದು ಒಂದು ಅಂಚನ್ನು ಕತ್ತರಿಸದೆ ಬಿಟ್ಟ ಪುಣೆಯ ಕುಂಬಾರನಿಗೆ ಇದು ಅಪರಿಚಿತವೆನಿಸುತ್ತಿರಲಿಲ್ಲ. ಉದ್ದೇಶ ಮಾತ್ರ ತಿರುವುಮುರುವು. ಅವನು ಉಸಿರಿನ ದಾರಿಯನ್ನು ತೆರೆದಿಟ್ಟ, ಇವರು ಕೋಣೆಯನ್ನು ಶಾಶ್ವತವಾಗಿ ಮುಚ್ಚಿದರು. 1976ರಲ್ಲಿ ಹಾರ್ಡಿ ಮತ್ತು ಮಾಂಟ್‌ಗೊಮರಿ ಇಂಥ 250 ಶಸ್ತ್ರಚಿಕಿತ್ಸೆಗಳ ಲೆಕ್ಕವನ್ನು ಪ್ರಕಟಿಸಿದರು. ಬಹುಪಾಲು ರೋಗಿಗಳಿಗೆ ಒಳ್ಳೆಯದೇ ಆಗಿತ್ತು. ಆದರೆ ಮೂಲೆಯಲ್ಲೆಲ್ಲೋ ಒಂದಿಷ್ಟು ಒಳಪದರ ಉಳಿದುಹೋದರೆ, ಹತ್ತಿಪ್ಪತ್ತು ವರ್ಷಗಳ ಮೇಲೂ ಅಲ್ಲಿ ಲೋಳೆಯ ಗಂಟು ಬೆಳೆದು ಕಣ್ಣನ್ನೋ ಮಿದುಳನ್ನೋ ಒತ್ತಬಹುದಿತ್ತು. ಕೊಬ್ಬು ತುಂಬಿದ ಕೋಣೆಯಲ್ಲಿ ರೋಗ ಮರಳಿದೆಯೇ ಎಂದು ಸ್ಕ್ಯಾನಿನಲ್ಲಿ ಹೇಳುವುದೂ ಕಷ್ಟ.

*

ಕತೆ ತಿರುಗಿದ್ದು ಆಸ್ಟ್ರಿಯಾದ ಗ್ರಾಜ್ ಪಟ್ಟಣದಲ್ಲಿ. ವಾಲ್ಟರ್ ಮೆಸ್ಸರ್‌ಕ್ಲಿಂಗರ್ ಎಂಬ ವೈದ್ಯ ಕೇಳಿದ ಪ್ರಶ್ನೆ ತೀರ ಸರಳ: ಸೈನಸ್ಸಿನೊಳಗೆ ಲೋಳೆ ಹೇಗೆ ಚಲಿಸುತ್ತದೆ? ಸಾವಿನ ನಂತರವೂ ಕೆಲವು ಗಂಟೆ ಒಳಪದರದ ಸೂಕ್ಷ್ಮ ರೋಮಗಳು ಆಡುತ್ತಲೇ ಇರುತ್ತವೆ. ಅವನು ಆ ಚಲನೆಯನ್ನು ಗಮನಿಸಿದ, ಚಿತ್ರೀಕರಿಸಿದ. ಹಣೆಯ ಸೈನಸ್ಸಿನಲ್ಲಿ ಲೋಳೆ ಒಳಬದಿಯ ಗೋಡೆ ಹತ್ತಿ, ಚಾವಣಿಯ ಗುಂಟ ಹೊರಬದಿಗೆ ಸಾಗಿ, ನೆಲದ ಮೇಲಿಂದ ಮತ್ತೆ ಬಾಗಿಲಿಗೆ ಬರುತ್ತದೆ. ಗುಡಿಯ ಪ್ರದಕ್ಷಿಣೆಯ ಹಾಗೆ ಅದಕ್ಕೊಂದು ಗೊತ್ತಾದ ಹಾದಿಯಿದೆ. ಸೈನಸ್ಸಿಗೆ ನೀವು ಬೇರೊಂದು ಕಡೆ ರಂಧ್ರ ಕೊರೆದುಕೊಟ್ಟರೂ ಲೋಳೆ ಅದನ್ನು ಬಳಸಿಕೊಂಡು ಹೋಗಿ ಹುಟ್ಟಿನಿಂದ ಬಂದ ಬಾಗಿಲಿಗೇ ಸೇರಲು ನೋಡುತ್ತದೆ. ರೋಗದ ಬೇರು ಹೆಚ್ಚಿನ ಸಲ ಹಣೆಯಲ್ಲಿ ಇರುವುದೂ ಇಲ್ಲ, ಕೆಳಗಿನ ಇಕ್ಕಟ್ಟಿನಲ್ಲಿ ಇರುತ್ತದೆ. ಆ ಇಕ್ಕಟ್ಟನ್ನು ಬಿಡಿಸಿದರೆ ಕೆಟ್ಟುಹೋಯಿತೆಂದು ಭಾವಿಸಿದ ಒಳಪದರ ತಾನೇ ಸುಧಾರಿಸಿಕೊಳ್ಳುತ್ತದೆ.

ಈ ತಿಳುವಳಿಕೆಗೆ ಜೊತೆಯಾಗಿ ಎರಡು ಉಪಕರಣಗಳು ಬಂದವು. ಇಂಗ್ಲೆಂಡಿನ ಭೌತವಿಜ್ಞಾನಿ ಹೆರಾಲ್ಡ್ ಹಾಪ್ಕಿನ್ಸ್ 1959ರಲ್ಲಿ ಗಾಜಿನ ಸರಳುಗಳ ಮಸೂರ ವ್ಯವಸ್ಥೆಯನ್ನು ರೂಪಿಸಿದ. ಜರ್ಮನಿಯ ಕಾರ್ಲ್ ಸ್ಟೋರ್ಜ್ ಅದಕ್ಕೆ ತಂಪು ಬೆಳಕನ್ನು ಜೋಡಿಸಿ, ಪೆನ್ಸಿಲ್ಲಿಗಿಂತ ಸಪೂರವಾದ ಎಂಡೋಸ್ಕೋಪುಗಳನ್ನು ಮಾಡಿದ. ತುದಿಯನ್ನು ಓರೆಯಾಗಿಟ್ಟರೆ ಮೂಗಿನೊಳಗಿಂದ ಮೇಲೆ ಹಣೆಯ ಬಾಗಿಲೂ ಕಾಣುತ್ತಿತ್ತು. 1971ರಲ್ಲಿ ಹೌನ್ಸ್‌ಫೀಲ್ಡನ ಸಿ.ಟಿ. ಸ್ಕ್ಯಾನ್ ಬಂತು, ಕತ್ತಲ ದಾರಿಗೆ ಮುಂಚಿತವಾಗಿ ನಕ್ಷೆ ಸಿಕ್ಕಿತು. ಮೆಸ್ಸರ್‌ಕ್ಲಿಂಗರನ ಪುಸ್ತಕ 1978ರಲ್ಲಿ ಇಂಗ್ಲಿಷಿನಲ್ಲಿ ಹೊರಬಂತು. ಅವನ ಶಿಷ್ಯ ಸ್ಟಾಂಬರ್ಗರ್ ಮತ್ತು ಬಾಲ್ಟಿಮೋರಿನ ಡೇವಿಡ್ ಕೆನಡಿ ಈ ಕ್ರಮವನ್ನು ಲೋಕಕ್ಕೆಲ್ಲ ಕಲಿಸಿದರು. 1985ರಲ್ಲಿ ಕೆನಡಿ ಅದಕ್ಕೆ ‘ಫಂಕ್ಷನಲ್’ ಎಂಬ ವಿಶೇಷಣ ಸೇರಿಸಿದ. ರೋಗಿಗಳ ಬಾಯಲ್ಲಿ ‘ಫೆಸ್’ ಎಂದಾಗಿರುವುದು ಅದೇ.

ಇಲ್ಲಿ ಕತ್ತಿಯ ಚಳಕಕ್ಕಿಂತ ಕೈಯ ಸಂಯಮ ಮುಖ್ಯವಾಯಿತು. ಹಣೆಯ ದಾರಿಗೆ ಅಡ್ಡ ನಿಂತ ಸಣ್ಣ ಮೂಳೆ ಕೋಶವನ್ನು ತೆಗೆಯುವುದನ್ನು ಸ್ಟಾಂಬರ್ಗರ್ ಮೊಟ್ಟೆಯ ಚಿಪ್ಪು ಬಿಡಿಸುವುದಕ್ಕೆ ಹೋಲಿಸಿದ. ಚಿಪ್ಪು ಹೋಗಬೇಕು, ಸುತ್ತಲಿನ ಪದರ ಹರಿಯಬಾರದು. ಸುತ್ತೆಲ್ಲ ಪದರ ಹರಿದರೆ ಬಾಗಿಲು ಕಲೆಗಟ್ಟಿ ಮುಚ್ಚಿಹೋಗುತ್ತದೆ. ಓಗ್‌ಸ್ಟನ್ ಸೋತದ್ದು ಅಲ್ಲೇ. 1991ರಲ್ಲಿ ಜರ್ಮನಿಯ ವೋಲ್ಫ್‌ಗಾಂಗ್ ಡ್ರಾಫ್ ಈ ಕೆಲಸಕ್ಕೆ ಮೂರು ಮೆಟ್ಟಿಲು ಹಾಕಿಕೊಟ್ಟ. ಮೊದಲನೆಯದರಲ್ಲಿ ದಾರಿಯ ಕೆಳಗಿನ ತಡೆ ತೆಗೆಯುವುದಷ್ಟೇ. ಎರಡನೆಯದರಲ್ಲಿ ಒಂದು ಬದಿಯ ಬಾಗಿಲನ್ನು ಅಗಲಿಸುವುದು. ಮೂರನೆಯದರಲ್ಲಿ ಎರಡೂ ಬದಿಯನ್ನು ಕೂಡಿಸಿ ಒಂದೇ ಬಾಗಿಲು ಮಾಡುವುದು. ಈ ಮೂರನೆಯದು ಬೇರೇನೂ ಅಲ್ಲ, 1914ರ ಲೋಥ್ರಾಪನ ಉಪಾಯ. ಎಂಬತ್ತು ವರ್ಷ ಮೂಲೆಯಲ್ಲಿ ಬಿದ್ದಿದ್ದದ್ದು ಬೆಳಕು ಸಿಕ್ಕ ಕೂಡಲೇ ಎದ್ದು ಬಂತು, ಈ ಸಲ ಹಣೆಯ ಮೇಲೆ ಒಂದು ಗೆರೆಯೂ ಇಲ್ಲದೆ.

*

ಹಾಗಾದರೆ ವಾಸಿಯಾಗುತ್ತದೆಯೇ?

ಮೂರನೆಯ ಮೆಟ್ಟಿಲಿನ ಶಸ್ತ್ರಚಿಕಿತ್ಸೆಯ ಬಗ್ಗೆ ಬಂದ ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ಆಂಡರ್ಸನ್ ಮತ್ತು ಸಿಂಧ್ವಾನಿ 2009ರಲ್ಲಿ ಒಂದು ಲೆಕ್ಕ ಕೊಟ್ಟರು. ಒಟ್ಟು 612 ರೋಗಿಗಳು, ಸರಾಸರಿ ಎರಡು ವರ್ಷಕ್ಕೂ ಮಿಕ್ಕ ಗಮನಿಕೆ. ಬಾಗಿಲು ಪೂರ್ತಿಯಾಗಿಯೋ ಭಾಗಶಃವೋ ತೆರೆದೇ ಇದ್ದದ್ದು ನೂರಕ್ಕೆ ಸುಮಾರು 96 ಮಂದಿಯಲ್ಲಿ. ಲಕ್ಷಣಗಳು ಸುಧಾರಿಸಿದವೆಂದು ಹೇಳಿದವರು ಸುಮಾರು 82. ಮತ್ತೆ ಶಸ್ತ್ರಚಿಕಿತ್ಸೆ ಬೇಕಾದವರು ಸುಮಾರು 14. ದೊಡ್ಡ ಅಪಾಯಕ್ಕೆ ಒಳಗಾದವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಇವರಲ್ಲಿ ಅನೇಕರು ಮೊದಲೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಸೋತವರು ಎಂಬುದನ್ನು ನೆನೆದರೆ ಇದು ಸಣ್ಣ ಸಾಧನೆಯಲ್ಲ. ಮೋಶರನ ಎಚ್ಚರಿಕೆಯ ಪಕ್ಕದಲ್ಲಿಟ್ಟರೆ ಇನ್ನೂ ದೊಡ್ಡದು.

ಆದರೆ 96ಕ್ಕೂ 82ಕ್ಕೂ ನಡುವೆ ಒಂದು ಅಂತರವಿದೆ. ವೈದ್ಯರ ಎಂಡೋಸ್ಕೋಪಿನಲ್ಲಿ ಬಾಗಿಲು ತೆರೆದಿದೆ, ರೋಗಿಗೆ ಮಾತ್ರ ಹಗುರವೆನಿಸಿಲ್ಲ. ಯಾಕೆ? ಕೆಲವರ ತಲೆನೋವು ಮೊದಲಿನಿಂದಲೂ ಸೈನಸ್ಸಿನದಾಗಿರಲಿಲ್ಲ. ಕೆಲವರಲ್ಲಿ ಅಸ್ತಮಾ, ಪಾಲಿಪ್, ಅಲರ್ಜಿ ಇರುತ್ತವೆ. ಅಂಥವರ ರೋಗ ದಾರಿಯದ್ದಲ್ಲ, ಒಳಪದರದ್ದು. ಬಾಗಿಲು ದೊಡ್ಡದು ಮಾಡಿದರೆ ಔಷಧಿ ಒಳಗೆ ತಲುಪುತ್ತದೆ, ರೋಗ ಮನೆ ಬಿಟ್ಟು ಹೋಗುವುದಿಲ್ಲ. ಅದಕ್ಕೇ ಇವತ್ತು ಫಲಿತಾಂಶವನ್ನು ರೋಗಿಯ ಬಾಯಿಂದಲೂ ಕೇಳುತ್ತಾರೆ. ‘ಸ್ನಾಟ್-22’ ಎಂಬ ಪ್ರಶ್ನಾವಳಿಯಲ್ಲಿ 22 ಪ್ರಶ್ನೆಗಳು, ಒಂದೊಂದಕ್ಕೂ ಸೊನ್ನೆಯಿಂದ ಐದರವರೆಗೆ ಅಂಕ. ಮೂಗು ಸೋರುವುದು, ವಾಸನೆ ತಿಳಿಯದಿರುವುದು ಅದರಲ್ಲಿವೆ ನಿಜ. ನಿದ್ದೆ ಬಾರದಿರುವುದು, ಬೆಳಿಗ್ಗೆ ದಣಿದೇ ಏಳುವುದು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು, ಸಂಕೋಚ, ಬೇಸರ ಇವೂ ಇವೆ. ಹಣೆಯ ಎಕ್ಸ್‌ರೇ ಈ ಯಾವುದನ್ನೂ ತೋರಿಸಲಾರದು.

ಇನ್ನೊಂದು ಪ್ರಶ್ನೆ ಕಾಲದ್ದು. ಮೂರನೆಯ ಮೆಟ್ಟಿಲಿನ ಹೊಸ ಬಾಗಿಲು ಮೊದಲ ವರ್ಷದಲ್ಲಿ ಸ್ವಲ್ಪ ಕುಗ್ಗಿಯೇ ಕುಗ್ಗುತ್ತದೆ, ಆಮೇಲೆ ಬಹುಮಟ್ಟಿಗೆ ನಿಲ್ಲುತ್ತದೆ. ಆದ್ದರಿಂದ ಮೂರು ತಿಂಗಳಿಗೇ ಬರೆದ ಯಶಸ್ಸಿನ ವರದಿಗೆ ಹೆಚ್ಚು ಬೆಲೆಯಿಲ್ಲ. ಲಿಂಚನ ಕ್ರಮ ಮೊದಲ ವರ್ಷಗಳಲ್ಲಿ ಗೆದ್ದು ಆಮೇಲೆ ಸೋತದ್ದು, ಕೊಬ್ಬು ತುಂಬಿದ ಹಣೆಯಲ್ಲಿ ದಶಕಗಳ ಮೇಲೆ ಗಂಟು ಬೆಳೆದದ್ದು ಕಲಿಸಿದ ಪಾಠ ಇದು. ಶಸ್ತ್ರಚಿಕಿತ್ಸೆಯಾದ ಮೇಲೆ ಉಪ್ಪುನೀರಿನಿಂದ ತೊಳೆಯುವುದು, ಸ್ಟೆರಾಯ್ಡ್ ಸ್ಪ್ರೇ, ವಾರಗಟ್ಟಲೆ ಹೋಗಿ ಹೊಪ್ಪಳೆ ತೆಗೆಸಿಕೊಳ್ಳುವುದು ಇವೆಲ್ಲ ಬೇಸರದ ಕೆಲಸಗಳು. ಆದರೆ ಬಾಗಿಲು ಉಳಿಯುವುದು ಬಹುಪಾಲು ಅವುಗಳಿಂದಲೇ. ಊರಿಂದೂರಿಗೆ ಕೆಲಸ ಬದಲಿಸುವ, ರಜೆ ಸಿಗದ ನಮ್ಮಂಥವರು ಮೊದಲು ಕೈಬಿಡುವುದೂ ಅವನ್ನೇ.

ಹಳೆಯ ದಾರಿಗಳು ಪೂರ್ತಿ ಮುಚ್ಚಿಲ್ಲ. 2021ರ ಬೇಸಿಗೆಯಲ್ಲಿ ಕೋವಿಡ್ಡಿನ ಎರಡನೆಯ ಅಲೆಯ ಬೆನ್ನಿಗೆ ‘ಕಪ್ಪು ಫಂಗಸ್’ ಬಂತು. ಹೆಚ್ಚು ಪ್ರಕರಣಗಳು ಕಂಡ ರಾಜ್ಯಗಳಲ್ಲಿ ಮಹಾರಾಷ್ಟ್ರವೂ ಒಂದು. ಮೇ ತಿಂಗಳಿನಲ್ಲಿ ಕೇಂದ್ರ ಸರ್ಕಾರ, ಪ್ರತಿಯೊಂದು ಪ್ರಕರಣವನ್ನೂ ವರದಿ ಮಾಡಬೇಕಾದ ರೋಗವೆಂದು ಇದನ್ನು ಘೋಷಿಸಲು ರಾಜ್ಯಗಳಿಗೆ ಹೇಳಿತು. ಆಂಫೊಟೆರಿಸಿನ್ ಔಷಧಿಗಾಗಿ ಮನೆಯವರು ಊರೂರು ಅಲೆದದ್ದು ಅನೇಕರಿಗೆ ನೆನಪಿದೆ. ಆಗ ಕಿವಿ-ಮೂಗು-ಗಂಟಲು ವೈದ್ಯರು ಮೂವತ್ತು ವರ್ಷಗಳಲ್ಲಿ ಕಲಿತ ಎಂಡೋಸ್ಕೋಪ್ ವಿದ್ಯೆಯೇ ಸತ್ತ ಭಾಗವನ್ನು ಬಿಡಿಸಿ ಜೀವ ಉಳಿಸಲು ನೆರವಾಯಿತು. ಆದರೆ ಫಂಗಸ್ ಹಣೆಯ ಮೂಳೆಯನ್ನೇ ತಿಂದಿದ್ದ ಕಡೆ ಹೊರಗಿಂದ ಹಣೆ ತೆರೆಯುವುದು ಮತ್ತೆ ಅನಿವಾರ್ಯವಾಯಿತು. ಹಳೆಯ ಕ್ರಮಗಳು ಸುಳ್ಳಾಗಿರಲಿಲ್ಲ. ಅವುಗಳಿಗೆ ತಕ್ಕ ಜಾಗ ತೀರ ಕಿರಿದಾಗಿತ್ತಷ್ಟೆ.

ಇಷ್ಟೆಲ್ಲ ಆದ ಮೇಲೆ ‘ವಾಸಿಯಾಗುತ್ತದೆಯೇ’ ಎಂಬುದನ್ನು ಬಿಡಿಸಿ ಕೇಳಬೇಕೆನಿಸುತ್ತದೆ. ನನ್ನ ನೋವು ನಿಜಕ್ಕೂ ಆ ಕೋಣೆಯದೇ? ಯಾವ ಮೆಟ್ಟಿಲಿನ ಶಸ್ತ್ರಚಿಕಿತ್ಸೆ, ಅದಕ್ಕಿಂತ ಸಣ್ಣದರಲ್ಲಿ ಮುಗಿಯದೇ? ಒಂದು ವರ್ಷದ ಮೇಲೆ, ಐದು ವರ್ಷದ ಮೇಲೆ ಬಾಗಿಲು ಹೇಗಿರುತ್ತದೆ? ಅದನ್ನು ಯಾರು ನೋಡುತ್ತಾರೆ, ಆಗ ನಾನು ಯಾವ ಊರಿನಲ್ಲಿರುತ್ತೇನೆ? ಒಳ್ಳೆಯ ವೈದ್ಯರಿಗೆ ಈ ಪ್ರಶ್ನೆಗಳಿಂದ ಬೇಸರವಾಗುವುದಿಲ್ಲ. ಅವರ ವಿದ್ಯೆ ಬೆಳೆದದ್ದೇ ಇವುಗಳಿಂದ.

ಪುಣೆಯ ಕುಂಬಾರ ಹತ್ತನೆಯ ದಿನ ಮೂಗಿನೊಳಗೆ ಬಟ್ಟೆ ಚೂರಿಟ್ಟ. ಹತ್ತು ತಿಂಗಳಾದ ಮೇಲೆ ವೇಲ್ಸ್ ಆ ಮುಖವನ್ನು ಎದುರು ಕೂರಿಸಿಕೊಂಡು ಬರೆದ. ಚಿತ್ರದಲ್ಲಿ ಹೊಸ ಮೂಗಿನ ಜೊತೆ ಹಣೆಯ ಕಲೆಯೂ ಇದೆ, ಮುಚ್ಚಿಟ್ಟಿಲ್ಲ.